ತೆರಿಗೆಯ ದರ ಯಾರ ಕೈಯಲ್ಲಿರಬೇಕು? ಸ್ಥಳೀಯ ಸರ್ಕಾರಗಳ ಹಣಕಾಸಿನ ಬಗ್ಗೆ ಓದುಗರ ಪ್ರಶ್ನೆಗಳು

ಸ್ಥಳೀಯ ಸರ್ಕಾರಗಳ ತೆರಿಗೆ ಮತ್ತು ಹಣಕಾಸು ಸ್ವಾಯತ್ತತೆಯ ಕುರಿತು ನಡೆದಿರುವ ಸಂಶೋಧನೆಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಚುನಾಯಿತ ಸದಸ್ಯರು, ಕಂದಾಯ ವಿಭಾಗದ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಮನೆ ಮಾಲೀಕರು ಬರೆದಿದ್ದಾರೆ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಒಂದು ಪ್ರಶ್ನೆಯಾಗಿ ಕೂಡಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸ್ಥಳೀಯ ಸಂಸ್ಥೆಯೊಂದರ ಸದಸ್ಯ. ನಮ್ಮ ಖರ್ಚಿನ ಬಹುಪಾಲು ಮೇಲಿನ ಸರ್ಕಾರದ ಅನುದಾನದಿಂದಲೇ ನಡೆಯುತ್ತದೆ. ಅದು ಬರುತ್ತಿರುವಾಗ ನಮ್ಮದೇ ತೆರಿಗೆಯನ್ನು ಹೆಚ್ಚಿಸಿ ಮತದಾರರ ಸಿಟ್ಟನ್ನು ಏಕೆ ಕಟ್ಟಿಕೊಳ್ಳಬೇಕು? ಎಲ್ಲಿಂದ ಬಂದರೂ ಹಣ ಹಣವೇ ಅಲ್ಲವೇ?

ಉತ್ತರ: ಹಣ ಎಲ್ಲಿಂದ ಬಂದರೂ ಒಂದೇ ಎಂಬ ನಿಮ್ಮ ಮಾತಿಗೆ ಅರ್ಥಶಾಸ್ತ್ರದಲ್ಲಿಯೂ ಆಧಾರವಿತ್ತು. 1971ರಲ್ಲಿ ಡೇವಿಡ್ ಬ್ರಾಡ್‌ಫರ್ಡ್ ಮತ್ತು ವ್ಯಾಲೆಸ್ ಓಟ್ಸ್ ಅವರು, ಷರತ್ತಿಲ್ಲದ ಅನುದಾನವನ್ನು ಒಂದು ಸ್ಥಳೀಯ ಸರ್ಕಾರಕ್ಕೆ ಕೊಟ್ಟರೂ, ಅಷ್ಟೇ ಮೊತ್ತವನ್ನು ಅಲ್ಲಿನ ನಿವಾಸಿಗಳ ಕೈಗೆ ನೇರವಾಗಿ ಕೊಟ್ಟರೂ ಪರಿಣಾಮ ಒಂದೇ ಆಗಬೇಕು ಎಂದು ತರ್ಕಬದ್ಧವಾಗಿ ತೋರಿಸಿದ್ದರು. ಆದರೆ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರಗಳನ್ನು ತೆರೆದು ನೋಡಿದ ಅಧ್ಯಯನಗಳಲ್ಲಿ ಹಾಗೆ ಕಾಣಲಿಲ್ಲ. ನಿವಾಸಿಗಳ ಆದಾಯ ಏರಿದಾಗ ಸ್ಥಳೀಯ ಖರ್ಚು ಸ್ವಲ್ಪವೇ ಏರುತ್ತಿತ್ತು. ಅದೇ ಮೊತ್ತ ಅನುದಾನವಾಗಿ ಬಂದಾಗ ಖರ್ಚು ಬಹಳಷ್ಟು ಏರುತ್ತಿತ್ತು, ಜನರ ತೆರಿಗೆಯ ಹೊರೆ ಮಾತ್ರ ಇಳಿಯುತ್ತಿರಲಿಲ್ಲ. ಬಿದ್ದ ಕಡೆಯೇ ಹಣ ಅಂಟಿಕೊಳ್ಳುವ ಈ ಗುಣವನ್ನು ನೊಣ ಹಿಡಿಯುವ ಅಂಟುಕಾಗದಕ್ಕೆ ಹೋಲಿಸಲಾಯಿತು. ಆ ಹೋಲಿಕೆಯ ಹೆಸರನ್ನು ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ ಅವರು ಕೊಟ್ಟರೆನ್ನುತ್ತಾರೆ.

ಖರ್ಚು ಏರಿದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಆ ಖರ್ಚಿನಿಂದ ಜನರಿಗೆ ಏನು ಸಿಕ್ಕಿತು ಎಂಬುದನ್ನು ನೋಡಿದಾಗಲೇ ವ್ಯತ್ಯಾಸ ಗೋಚರಿಸುವುದು, ಮತ್ತು ಅದನ್ನು ಅತ್ಯಂತ ಸ್ಪಷ್ಟವಾಗಿ ಅಳೆದವರಲ್ಲಿ ಲೂಸಿ ಗಡೆನ್ ಒಬ್ಬರು. ಬ್ರೆಜಿಲ್‌ನಲ್ಲಿ ಸ್ಥಳೀಯ ಸರ್ಕಾರಗಳ ತೆರಿಗೆ ಆಡಳಿತವನ್ನು ಸುಧಾರಿಸಲು ಒಂದು ಕಾರ್ಯಕ್ರಮವಿತ್ತು. ಅದಕ್ಕೆ ಸೇರಿದ ಸಂಸ್ಥೆಗಳ ಸ್ವಂತ ತೆರಿಗೆ ಆದಾಯ ಏರಿತು. ಅದೇ ದೇಶದಲ್ಲಿ ಜನಸಂಖ್ಯೆ ನಿರ್ದಿಷ್ಟ ಗಡಿಗಳನ್ನು ದಾಟಿದೊಡನೆ ಕೇಂದ್ರದ ಅನುದಾನ ಒಮ್ಮೆಗೇ ಜಿಗಿಯುವ ನಿಯಮವೂ ಇದೆ. ಹೀಗಾಗಿ ಒಂದೇ ಬಗೆಯ ಸಂಸ್ಥೆಗಳಲ್ಲಿ ತೆರಿಗೆಯಿಂದ ಬಂದ ಹೆಚ್ಚುವರಿ ಹಣ ಏನು ಮಾಡಿತು, ಅನುದಾನದಿಂದ ಬಂದ ಹೆಚ್ಚುವರಿ ಹಣ ಏನು ಮಾಡಿತು ಎಂದು ಹೋಲಿಸಲು ಅವಕಾಶವಾಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸ್ವಂತ ತೆರಿಗೆ ಹೆಚ್ಚಿದ ಕಡೆ ಶಾಲೆಗಳ ಮೂಲಸೌಕರ್ಯ ಪ್ರಮಾಣದಲ್ಲಿಯೂ ಗುಣಮಟ್ಟದಲ್ಲಿಯೂ ಸುಧಾರಿಸಿತು. ಅನುದಾನ ಹೆಚ್ಚಿದ ಕಡೆ ಅಂಥ ಸುಧಾರಣೆ ಕಾಣಲಿಲ್ಲ.

ಅದೇ ಅನುದಾನದ ಜಿಗಿತವನ್ನು ಇನ್ನೊಂದು ಬದಿಯಿಂದ ನೋಡಿದವರು ಫೆರ್ನಾಂಡಾ ಬ್ರೊಲ್ಲೊ ಮತ್ತು ಅವರ ಮೂವರು ಸಹಲೇಖಕರು. ಬ್ರೆಜಿಲ್‌ನ ಕೇಂದ್ರ ಸರ್ಕಾರ ಲಾಟರಿ ಎತ್ತಿ ಆರಿಸಿದ ಸ್ಥಳೀಯ ಸಂಸ್ಥೆಗಳಿಗೆ ಲೆಕ್ಕ ಪರಿಶೋಧಕರನ್ನು ಕಳುಹಿಸುತ್ತಿತ್ತು. ಆ ವರದಿಗಳನ್ನು ಅನುದಾನದ ಮೊತ್ತದೊಂದಿಗೆ ಇಟ್ಟು ನೋಡಿದಾಗ, ಅನುದಾನ ಹೆಚ್ಚಾದಂತೆ ಪತ್ತೆಯಾದ ಭ್ರಷ್ಟಾಚಾರವೂ ಹೆಚ್ಚಿತ್ತು ಮತ್ತು ಮೇಯರ್ ಹುದ್ದೆಗೆ ಸ್ಪರ್ಧಿಸುವವರ ಶೈಕ್ಷಣಿಕ ಮಟ್ಟ ಇಳಿದಿತ್ತು ಎಂದು 2013ರಲ್ಲಿ ಅವರು ವರದಿ ಮಾಡಿದರು. ಕೊಲಂಬಿಯಾದಲ್ಲಿ ಲೂಯಿಸ್ ಮಾರ್ಟಿನೆಜ್ ಅವರು ತೈಲದ ರಾಯಧನ ಮತ್ತು ಆಸ್ತಿ ತೆರಿಗೆಯನ್ನು ಹೋಲಿಸಿದಾಗಲೂ ಶಿಕ್ಷಣ, ಆರೋಗ್ಯ, ನೀರಿನಂಥ ಸೇವೆಗಳಿಗೆ ಹೆಚ್ಚು ತಲುಪಿದ್ದು ತೆರಿಗೆಯ ಹಣವೇ.

ಇದರ ಕಾರಣ ಸರಳವಾಗಿದೆ. ಮೇಲಿನಿಂದ ಎಷ್ಟು ಹಣ ಬಂತೆಂಬುದು ನಿವಾಸಿಗೆ ತಿಳಿಯುವುದೇ ಇಲ್ಲ. ತಾನು ಕಟ್ಟಿದ್ದೆಷ್ಟು ಎಂಬುದು ಮಾತ್ರ ಅವನಿಗೆ ಚೆನ್ನಾಗಿ ನೆನಪಿರುತ್ತದೆ. ನೀವು ಹೆದರುವ ಮತದಾರರ ಸಿಟ್ಟು ಈ ನೆನಪಿನದೇ ಇನ್ನೊಂದು ಮುಖ. ಆ ಸಿಟ್ಟು ನಿಮಗೆ ಕಷ್ಟ ಕೊಡುತ್ತದೆ ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಮ್ಮ ಸಭೆಯಲ್ಲಿ ಲೆಕ್ಕ ಕೇಳಲು ಎದ್ದು ನಿಲ್ಲುವ ನಿವಾಸಿಯನ್ನು ಅನುದಾನ ಎಂದೂ ಕರೆತರುವುದಿಲ್ಲ.

ಪ್ರಶ್ನೆ: ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ಇಂತಿಷ್ಟು ಪಾಲು ಸ್ಥಳೀಯ ಸರ್ಕಾರಕ್ಕೆ ಎಂದು ಕಾನೂನಿನಲ್ಲೇ ಬರೆದಿದ್ದರೆ, ಅದೂ ಹಣಕಾಸು ಸ್ವಾಯತ್ತತೆ ಆಗುವುದಿಲ್ಲವೇ?

ಉತ್ತರ: ಅದನ್ನು ಆದಾಯದ ಭದ್ರತೆ ಎನ್ನಬಹುದು, ಸ್ವಾಯತ್ತತೆ ಎನ್ನಲು ಬರುವುದಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ತನ್ನ ಸದಸ್ಯ ದೇಶಗಳ ಸ್ಥಳೀಯ ತೆರಿಗೆಗಳನ್ನು ವಿಂಗಡಿಸಲು ಬಳಸುವ ಪಟ್ಟಿ ಇಲ್ಲಿ ನಿಮಗೆ ಉಪಯೋಗವಾಗುತ್ತದೆ. ಅದರಲ್ಲಿ ಮೇಲಿನ ಮೆಟ್ಟಿಲಲ್ಲಿರುವುದು ದರವನ್ನೂ ರಿಯಾಯಿತಿಗಳನ್ನೂ ಸ್ಥಳೀಯ ಸರ್ಕಾರವೇ ತೀರ್ಮಾನಿಸುವ ತೆರಿಗೆ. ಅದರ ಕೆಳಗೆ ದರವನ್ನು ಮಾತ್ರ ತೀರ್ಮಾನಿಸುವುದು. ಮತ್ತೂ ಕೆಳಗೆ ರಿಯಾಯಿತಿಯನ್ನು ಮಾತ್ರ ತೀರ್ಮಾನಿಸುವುದು. ನೀವು ಹೇಳುವ ಹಂಚಿಕೆಯ ತೆರಿಗೆ ಇವೆಲ್ಲಕ್ಕಿಂತ ಕೆಳಗೆ ಬರುತ್ತದೆ, ಏಕೆಂದರೆ ಒಂದು ಸ್ಥಳೀಯ ಸರ್ಕಾರ ತನ್ನ ಜನರಿಗೆ ಇನ್ನೊಂದಿಷ್ಟು ಸೇವೆ ಕೊಡಬೇಕೆಂದು ನಿರ್ಧರಿಸಿದರೂ ಆ ಪಾಲನ್ನು ಒಂದು ಪೈಸೆಯಷ್ಟೂ ಹೆಚ್ಚಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ.

1985ರ ಯುರೋಪಿಯನ್ ಸ್ಥಳೀಯ ಸ್ವಯಮಾಡಳಿತ ಸನ್ನದಿನ 9ನೇ ವಿಧಿ ಇದೇ ಸೂಕ್ಷ್ಮವನ್ನು ಹಿಡಿದಿದೆ. ಸ್ಥಳೀಯ ಸಂಸ್ಥೆಗಳ ಆದಾಯದ ಒಂದು ಭಾಗವಾದರೂ, ಕಾನೂನಿನ ಮಿತಿಯೊಳಗೆ ಅವೇ ದರ ನಿಗದಿಪಡಿಸುವ ತೆರಿಗೆ ಮತ್ತು ಶುಲ್ಕಗಳಿಂದ ಬರಬೇಕು ಎಂದು ಅದು ಹೇಳುತ್ತದೆ. ‘ಒಂದು ಭಾಗವಾದರೂ’ ಎಂಬ ಮಾತನ್ನು ಗಮನಿಸಿ. ಇಡೀ ಬಜೆಟ್ಟು ಸ್ವಂತ ತೆರಿಗೆಯಿಂದಲೇ ಬರಬೇಕೆಂದು ಯಾವ ಗಂಭೀರ ಸಂಶೋಧಕರೂ ವಾದಿಸಿಲ್ಲ. ಇರುವುದಕ್ಕಿಂತ ಸ್ವಲ್ಪ ಹೆಚ್ಚು ಮಾಡಬೇಕೇ, ಕಡಿಮೆ ಮಾಡಬೇಕೇ ಎಂಬ ತೀರ್ಮಾನದ ಬೆಲೆಯನ್ನು ಅದನ್ನು ತೆಗೆದುಕೊಂಡ ಊರಿನವರೇ ಹೊರುವಂತಿರಬೇಕು, ಮತ್ತು ಅದಕ್ಕೆ ದರ ಅವರ ಕೈಯಲ್ಲಿರಬೇಕು. ಜರ್ಮನಿಯಲ್ಲಿ ಆಸ್ತಿ ತೆರಿಗೆಯ ಮತ್ತು ವ್ಯಾಪಾರ ತೆರಿಗೆಯ ಮೂಲ ನಿಯಮಗಳು ಮೇಲಿನವು. ಆದರೆ ಕೊನೆಯಲ್ಲಿ ಗುಣಿಸಬೇಕಾದ ಅಂಕಿಯನ್ನು ಪ್ರತಿ ಸ್ಥಳೀಯ ಸಂಸ್ಥೆಯೂ ತಾನೇ ನಿರ್ಧರಿಸುತ್ತದೆ. ಕಾನೂನು ಒಂದೇ ಆಗಿದ್ದರೂ ಹೊಣೆ ಸ್ಥಳೀಯವಾಗಿಯೇ ಉಳಿಯುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು.

ಪ್ರಶ್ನೆ: ತೆರಿಗೆ ಹೆಚ್ಚಾದರೆ ಜನ ಊರನ್ನೇ ಬಿಟ್ಟು ಹೋಗುತ್ತಾರೆ ಎಂಬ ಸಿದ್ಧಾಂತವಿದೆಯಂತೆ, ನಿಜವೇ?

ಉತ್ತರ: ಚಾರ್ಲ್ಸ್ ಟೀಬೂ 1956ರಲ್ಲಿ ಬರೆದ ಪುಟ್ಟ ಪ್ರಬಂಧ ನಿಮ್ಮ ಮನಸ್ಸಿನಲ್ಲಿರಬೇಕು. ತಮಗೆ ಬೇಕಾದ ತೆರಿಗೆ ಮತ್ತು ಸೇವೆಗಳ ಜೋಡಿ ಎಲ್ಲಿದೆಯೋ ಅಲ್ಲಿಗೆ ಜನ ನಡೆದು ಹೋಗುವ ಮೂಲಕವೇ ಮತ ಹಾಕಿದಂತಾಗುತ್ತದೆ ಎಂದು ಅವರು ವಾದಿಸಿದರು. ಅದಕ್ಕಾಗಿ ಅವರು ಒಪ್ಪಿಕೊಂಡ ಊಹೆಗಳು, ಉದಾಹರಣೆಗೆ ಕೆಲಸ ಸಿಗುವ ಸ್ಥಳದ ಚಿಂತೆಯೇ ಇಲ್ಲದೆ ಜನ ಮನೆ ಬದಲಿಸಬಲ್ಲರು ಎಂಬುದು, ಹೆಚ್ಚಿನವರ ಬದುಕಿಗೆ ಹೊಂದುವುದಿಲ್ಲ. ಹೊರಟು ಹೋಗಲಾರದವರು ಸಭೆಯಲ್ಲಿ ದನಿ ಎತ್ತುವುದನ್ನೇ ನಾವು ಹೆಚ್ಚು ಗಮನಿಸಬೇಕು.

ಪ್ರಶ್ನೆ: ರಸ್ತೆಯಿಲ್ಲ, ದೀಪವಿಲ್ಲ, ಚರಂಡಿಯಿಲ್ಲ. ಮೊದಲು ಸೇವೆ ಕೊಡಲಿ, ಆಮೇಲೆ ತೆರಿಗೆ ಕೇಳಲಿ ಎಂಬುದು ನನ್ನಂಥ ಮನೆ ಮಾಲೀಕರ ನಿಲುವು. ತೆರಿಗೆ ಕಟ್ಟಿದ ಮಾತ್ರಕ್ಕೆ ಸರ್ಕಾರ ಜನರ ಮಾತು ಕೇಳುತ್ತದೆ ಎಂಬುದಕ್ಕೆ ಪುರಾವೆ ಏನಿದೆ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು, ಸೇವೆ ಮೊದಲೋ ತೆರಿಗೆ ಮೊದಲೋ ಎಂಬುದು ಈ ಕ್ಷೇತ್ರದ ಅತ್ಯಂತ ಹಳೆಯ ತಗಾದೆಯೂ ಹೌದು. ಈ ಗಂಟನ್ನು ಬಿಡಿಸಲು ನಡೆದ ಪ್ರಯತ್ನಗಳಲ್ಲಿ ನಾನು ಅತ್ಯಂತ ಬೆಲೆ ಕೊಡುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕನಂಗಾ ನಗರದಲ್ಲಿ ನಡೆದ ಕೆಲಸಕ್ಕೆ.

2016ರಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರ ಮೊದಲ ಬಾರಿಗೆ ಮನೆಮನೆಗೆ ಹೋಗಿ ಆಸ್ತಿ ತೆರಿಗೆ ಕೇಳಲು ಹೊರಟಿತು. ಅದಕ್ಕೂ ಮೊದಲು ತೆರಿಗೆ ಕಟ್ಟುತ್ತಿದ್ದವರು ಇಲ್ಲವೆನ್ನುವಷ್ಟು ಕಡಿಮೆ. ಜೊನಾಥನ್ ವೈಗೆಲ್ ಅವರು ಸರ್ಕಾರದೊಂದಿಗೆ ಸೇರಿ, ನಗರದ 356 ಬಡಾವಣೆಗಳ ಪೈಕಿ ಯಾವುವುಗಳಿಗೆ ವಸೂಲಿಗಾರರು ಹೋಗಬೇಕು, ಯಾವುವುಗಳಲ್ಲಿ ನಿವಾಸಿಗಳೇ ಕಚೇರಿಗೆ ಹೋಗಿ ಕಟ್ಟುವ ಹಳೆಯ ಪದ್ಧತಿ ಉಳಿಯಬೇಕು ಎಂಬುದನ್ನು ಲಾಟರಿಯಿಂದ ನಿರ್ಧರಿಸಿದರು. ಲಾಟರಿಯ ಪ್ರಯೋಜನವೆಂದರೆ, ಎರಡು ಗುಂಪಿನ ಬಡಾವಣೆಗಳ ನಡುವೆ ನಂತರ ಕಂಡುಬರುವ ವ್ಯತ್ಯಾಸಕ್ಕೆ ವಸೂಲಿ ಪ್ರಯತ್ನವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕಾಗುವುದಿಲ್ಲ. ನೂರಕ್ಕೆ ಒಂದು ಮನೆಯೂ ಕಟ್ಟದಿದ್ದ ಕಡೆ, ವಸೂಲಿಗಾರರು ಹೋದ ಮೇಲೆ ಸುಮಾರು 11 ಮನೆಗಳು ಕಟ್ಟಿದವು. ಆ ಬಳಿಕ ಸರ್ಕಾರ ಕರೆದ ನಾಗರಿಕರ ಸಭೆಗಳಿಗೆ ಯಾರು ಬಂದರು, ಸರ್ಕಾರದ ಕೆಲಸದ ಬಗ್ಗೆ ಅಭಿಪ್ರಾಯ ಪತ್ರ ತುಂಬಿ ಯಾರು ಹಾಕಿದರು ಎಂದು ನೋಡಲಾಯಿತು. ತೆರಿಗೆ ಕೇಳಿದ ಬಡಾವಣೆಗಳಲ್ಲಿ ಇಂಥ ಭಾಗವಹಿಸುವಿಕೆ ಉಳಿದ ಬಡಾವಣೆಗಳಿಗಿಂತ ಶೇ 31ರಷ್ಟು ಹೆಚ್ಚಿತ್ತು.

ಇದರಲ್ಲಿ ಎರಡು ಸಂಗತಿಗಳನ್ನು ನೀವು ಗಮನಿಸಬೇಕೆಂದು ಕೋರುತ್ತೇನೆ. ಮೊದಲನೆಯದಾಗಿ, ಆ ನಗರದಲ್ಲಿ ಸೇವೆಗಳು ಮೊದಲೇ ಸುಧಾರಿಸಿರಲಿಲ್ಲ; ತೆರಿಗೆ ಕೇಳಿದ್ದೇ ಜನರನ್ನು ಸಭೆಗೆ ಕರೆತಂದಿತು. ಎರಡನೆಯದಾಗಿ, ಜನ ಸಭೆಗೆ ಬಂದದ್ದನ್ನು ಅಧ್ಯಯನ ತೋರಿಸಿದೆಯೇ ಹೊರತು, ಸರ್ಕಾರ ಅವರ ಮಾತನ್ನು ಕೇಳಿ ರಸ್ತೆ ಮಾಡಿಸಿತು ಎಂಬುದನ್ನಲ್ಲ. ನಿಮ್ಮ ಪ್ರಶ್ನೆಯ ಅರ್ಧಕ್ಕೆ ಇಲ್ಲಿ ಗಟ್ಟಿಯಾದ ಉತ್ತರ ಸಿಗುತ್ತದೆ. ಉಳಿದರ್ಧಕ್ಕೆ, ಮೊದಲ ಪ್ರಶ್ನೆಗೆ ಉತ್ತರಿಸುವಾಗ ಹೇಳಿದ ಬ್ರೆಜಿಲ್ ಮತ್ತು ಕೊಲಂಬಿಯಾದ ಅಧ್ಯಯನಗಳನ್ನು ನೋಡಬೇಕು. ಅಲ್ಲಿ ಚುನಾವಣೆಗಳು ನಿಯಮಿತವಾಗಿ ನಡೆಯುತ್ತವೆ ಮತ್ತು ಲೆಕ್ಕಪತ್ರಗಳು ಹೊರಗೆ ಸಿಗುತ್ತವೆ ಎಂಬುದು ಸಣ್ಣ ವ್ಯತ್ಯಾಸವಲ್ಲ. ತೆರಿಗೆ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಉತ್ತರವನ್ನು ಹೊರಡಿಸಲು ಸಭೆ, ಲೆಕ್ಕ, ಚುನಾವಣೆ ಎಂಬ ಬೇರೆ ಉಪಕರಣಗಳು ಬೇಕಾಗುತ್ತವೆ.

ಪ್ರಶ್ನೆ: ಸ್ಥಳೀಯ ತೆರಿಗೆ ಎಂದೊಡನೆ ಎಲ್ಲರೂ ಆಸ್ತಿ ತೆರಿಗೆಯನ್ನೇ ಏಕೆ ಹೇಳುತ್ತಾರೆ? ಜನ ಅತಿ ಹೆಚ್ಚು ದ್ವೇಷಿಸುವ ತೆರಿಗೆಯೂ ಅದೇ ಅಲ್ಲವೇ?

ಉತ್ತರ: ಭೂಮಿ ಮತ್ತು ಕಟ್ಟಡಗಳು ಕದಲುವುದಿಲ್ಲ. ಪಕ್ಕದ ಊರಿನಲ್ಲಿ ದರ ಕಡಿಮೆಯೆಂದು ಸರಕನ್ನು ಸಾಗಿಸಬಹುದು, ವ್ಯಾಪಾರದ ನೋಂದಣಿಯನ್ನು ಬದಲಿಸಬಹುದು, ಜಮೀನನ್ನು ಹೊತ್ತುಕೊಂಡು ಹೋಗಲಾಗದು. ಅದಲ್ಲದೆ ಒಳ್ಳೆಯ ಸ್ಥಳೀಯ ಸೇವೆಯ ಫಲ ಆಸ್ತಿಯ ಬೆಲೆಯಲ್ಲಿಯೇ ಸೇರಿಕೊಳ್ಳುತ್ತದೆ. ಓಟ್ಸ್ ಅವರು 1969ರಲ್ಲಿ ನ್ಯೂ ಜರ್ಸಿಯ ಊರುಗಳ ಮನೆ ಬೆಲೆಗಳನ್ನು ಪರಿಶೀಲಿಸಿ, ತೆರಿಗೆ ಹೆಚ್ಚಿದ್ದರೆ ಬೆಲೆ ಇಳಿಯುತ್ತದೆ, ಶಾಲೆಗಳ ಮೇಲಿನ ಖರ್ಚು ಹೆಚ್ಚಿದ್ದರೆ ಬೆಲೆ ಏರುತ್ತದೆ ಎಂದು ತೋರಿಸಿದರು. ಸೇವೆಯ ಲಾಭ ಪಡೆದವರಿಂದಲೇ ಅದರ ವೆಚ್ಚವನ್ನು ಪಡೆಯಲು ಇಷ್ಟು ನೇರವಾದ ದಾರಿ ಬೇರೊಂದಿಲ್ಲ. ಆದರೂ ಅದೊಂದೇ ದಾರಿಯಲ್ಲ. ಸ್ವೀಡನ್ನಿನ ಸ್ಥಳೀಯ ಸರ್ಕಾರಗಳು ನಡೆಯುವುದು ಅವೇ ದರ ನಿಗದಿಪಡಿಸುವ ಆದಾಯ ತೆರಿಗೆಯಿಂದ, ಅದರ ಒಟ್ಟು ಸರಾಸರಿ ಸುಮಾರು ಶೇ 32.

ದ್ವೇಷದ ಬಗ್ಗೆ ನೀವು ಹೇಳಿದ್ದು ಸರಿ. ಸಂಬಳದಿಂದ ಕಡಿತವಾಗುವ ಅಥವಾ ಸಾಮಾನಿನ ಬೆಲೆಯಲ್ಲಿ ಸೇರಿಹೋಗುವ ತೆರಿಗೆ ಕಣ್ಣಿಗೆ ಬೀಳುವುದಿಲ್ಲ. ಆಸ್ತಿ ತೆರಿಗೆ ನೋಟಿಸಿನ ರೂಪದಲ್ಲಿ ಬಾಗಿಲಿಗೇ ಬರುತ್ತದೆ. ಅಮೆರಿಕದಲ್ಲಿ ಮೇರಿಕಾ ಕಬ್ರಾಲ್ ಮತ್ತು ಕ್ಯಾರೊಲಿನ್ ಹಾಕ್ಸ್‌ಬಿ ನಡೆಸಿದ ಅಧ್ಯಯನದ ಪ್ರಕಾರ, ಮನೆ ಸಾಲದ ಕಂತಿನೊಳಗೇ ಈ ತೆರಿಗೆ ಸೇರಿಹೋಗುವ ಪದ್ಧತಿ ಹೆಚ್ಚಾಗಿರುವ ಕಡೆ ತೆರಿಗೆಯ ದರವೂ ಹೆಚ್ಚಿರುತ್ತದೆ. ಕಾಣದ ತೆರಿಗೆ ಸಲೀಸಾಗಿ ಬೆಳೆಯುತ್ತದೆ ಎಂದಾಯಿತು. ಕಾಣುವ ತೆರಿಗೆಯ ಕಹಿಯನ್ನು ಒಪ್ಪಿಕೊಳ್ಳಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಆದರೆ ಕಹಿ ಒಂದು, ಅನ್ಯಾಯ ಇನ್ನೊಂದು. ಬ್ರಿಟನ್ನಿನ ಸರ್ಕಾರ ಮನೆಯ ಮೌಲ್ಯದ ಬದಲು ತಲೆಗಿಷ್ಟು ಎಂಬ ಸ್ಥಳೀಯ ತೆರಿಗೆಯನ್ನು 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜಾರಿಗೆ ತಂದಿತು. ಅರಮನೆಯಂಥ ಮನೆಯಲ್ಲಿರುವವನೂ ಒಂದು ಕೋಣೆಯ ಬಾಡಿಗೆದಾರನೂ ಹೆಚ್ಚುಕಡಿಮೆ ಸಮನಾಗಿ ಕಟ್ಟಬೇಕಾಯಿತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ದಂಗೆಯೇ ಆಯಿತು. 1993ರಲ್ಲಿ ಆ ತೆರಿಗೆಯನ್ನು ಕೈಬಿಡಲಾಯಿತು. ತಮ್ಮ ಖರ್ಚಿನ ಬೆಲೆಯನ್ನು ಪ್ರತಿ ಮತದಾರನೂ ಅನುಭವಿಸಬೇಕು ಎಂಬುದೇ ಆ ತೆರಿಗೆಯ ಹಿಂದಿದ್ದ ತರ್ಕ. ತರ್ಕ ಸರಿಯಿದ್ದೂ ಹಂಚಿಕೆ ತಪ್ಪಿದರೆ ಆಗುವ ಅನಾಹುತಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಂಡಿಲ್ಲ.

ಇದಕ್ಕಿಂತ ಸದ್ದಿಲ್ಲದೆ ನಡೆಯುವ ಅನ್ಯಾಯ ಹಳೆಯ ಮೌಲ್ಯಮಾಪನದ್ದು. ತಲೆಗಂದಾಯದ ಜಾಗಕ್ಕೆ ಬಂದ ತೆರಿಗೆಗೆ ಇಂಗ್ಲೆಂಡಿನಲ್ಲಿ ಇಂದಿಗೂ ಆಧಾರವಾಗಿರುವುದು 1991ರ ಮನೆ ಬೆಲೆಗಳು. ಜರ್ಮನಿಯ ಪಶ್ಚಿಮ ಭಾಗದಲ್ಲಿ 1964ರ ಮೌಲ್ಯಗಳು, ಪೂರ್ವ ಭಾಗದಲ್ಲಿ 1935ರ ಮೌಲ್ಯಗಳು ಬಳಕೆಯಲ್ಲಿದ್ದವು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತ ಮೇಲೆ ಹೊಸ ಪದ್ಧತಿ 2025ರಿಂದ ಜಾರಿಗೆ ಬಂದಿತು. ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ತೆರಿಗೆಯನ್ನು ಆಸ್ತಿ ಮೌಲ್ಯದ ಶೇ 1ಕ್ಕೆ ಮಿತಿಗೊಳಿಸಿದ್ದಷ್ಟೇ ಅಲ್ಲ, ಆಸ್ತಿ ಕೈ ಬದಲಾಗುವವರೆಗೆ ತೆರಿಗೆಯ ಲೆಕ್ಕದ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದೆಂದೂ ಕಟ್ಟಿಹಾಕಿದರು. ಪರಿಣಾಮವಾಗಿ ಅಕ್ಕಪಕ್ಕದ ಒಂದೇ ಬಗೆಯ ಎರಡು ಮನೆಗಳಲ್ಲಿ ಹಳೆಯ ಮಾಲೀಕರದು ಒಂದು ತೆರಿಗೆ, ಹೊಸದಾಗಿ ಕೊಂಡವರದು ಅದರ ಹಲವು ಪಟ್ಟು. ಪ್ರತಿ ಮನೆಯ ಮಾರುಕಟ್ಟೆ ಬೆಲೆಯನ್ನು ಪದೇಪದೇ ಕಂಡುಹಿಡಿಯುವ ಶಕ್ತಿ ಇಲ್ಲದ ನಗರಗಳಿಗೆ ಸಿಯೆರಾ ಲಿಯೋನ್‌ನ ಫ್ರೀಟೌನ್ ಒಂದು ಉಪಾಯ ತೋರಿಸಿದೆ. 2020ರಲ್ಲಿ ಜಾರಿಗೆ ಬಂದ ಅಲ್ಲಿನ ಪದ್ಧತಿಯಲ್ಲಿ ಕಟ್ಟಡದ ವಿಸ್ತೀರ್ಣ, ಹೊರಗಿನಿಂದಲೇ ಕಾಣುವ ಲಕ್ಷಣಗಳು ಮತ್ತು ಸ್ಥಳಕ್ಕೆ ಅಂಕಗಳನ್ನು ಕೊಟ್ಟು ಮೌಲ್ಯ ಕಟ್ಟಲಾಗುತ್ತದೆ. ಉಪಗ್ರಹದ ಚಿತ್ರಗಳ ನೆರವಿನಿಂದ ಎಣಿಸಿದಾಗ ಪಟ್ಟಿಯಲ್ಲಿದ್ದ ಆಸ್ತಿಗಳ ಸಂಖ್ಯೆ ಸುಮಾರು ಎರಡು ಪಟ್ಟಾಯಿತು. ಅಷ್ಟು ಕಾಲವೂ ಒಂದರ್ಧ ನಗರ ಇನ್ನೊಂದರ್ಧದ ಪಾಲನ್ನು ಹೊತ್ತಿತ್ತು.

ಪ್ರಶ್ನೆ: ನಾನು ಕಂದಾಯ ವಸೂಲಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ವಾಯತ್ತತೆಯ ಬಗ್ಗೆ ಎಷ್ಟು ಮಾತಾಡಿದರೂ ಕೊನೆಗೆ ಬೀದಿಗಿಳಿಯುವವರು ನಾವು. ನಮ್ಮ ಕೆಲಸದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಉತ್ತರ: ಕಳೆದ ಹದಿನೈದು ವರ್ಷಗಳ ಅತ್ಯುತ್ತಮ ಸಂಶೋಧನೆಯ ದೊಡ್ಡ ಭಾಗ ನಿಮ್ಮಂಥವರ ಕೆಲಸದ ಮೇಲೆಯೇ ನಡೆದಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಅದ್ನಾನ್ ಖಾನ್, ಆಸಿಮ್ ಖ್ವಾಜಾ ಮತ್ತು ಬೆಂಜಮಿನ್ ಓಲ್ಕೆನ್ ಅವರು ಆಸ್ತಿ ತೆರಿಗೆ ಸಿಬ್ಬಂದಿಗೆ ವಸೂಲಿಗೆ ತಕ್ಕ ಪ್ರೋತ್ಸಾಹಧನ ಕೊಟ್ಟು ನೋಡಿದರು. ಎರಡು ವರ್ಷಗಳ ನಂತರ ಪ್ರೋತ್ಸಾಹಧನ ಪಡೆದ ವಲಯಗಳಲ್ಲಿ ಆದಾಯದ ಬೆಳವಣಿಗೆ ಇತರ ವಲಯಗಳಿಗಿಂತ ಶೇ 46ರಷ್ಟು ವೇಗವಾಗಿತ್ತು. ಆದರೆ ಆ ಹೆಚ್ಚಳ ಬಂದದ್ದು ನಿಜವಾದ ಮೌಲ್ಯದಲ್ಲಿ ತೆರಿಗೆಗೆ ಒಳಪಟ್ಟ ಕೆಲವೇ ಆಸ್ತಿಗಳಿಂದ. ಉಳಿದ ಬಹುತೇಕ ಮಾಲೀಕರ ತೆರಿಗೆ ಏರಲಿಲ್ಲ. ಲಂಚದ ಮೊತ್ತ ಏರಿತೆಂದು ಅವರು ಹೇಳಿದರು. ಪ್ರಾಮಾಣಿಕವಾಗಿ ವಸೂಲಿ ಮಾಡಿದರೆ ಲಾಭವಿದೆ ಎಂದಾದಾಗ, ಮಾಡದಿರಲು ಕೇಳುವ ಬೆಲೆಯೂ ಏರಿತು. ಈ ಫಲಿತಾಂಶವನ್ನು ಮರೆಮಾಚದೆ ಪ್ರಕಟಿಸಿದ ಸಂಶೋಧಕರ ಬಗ್ಗೆ ನನಗೆ ಗೌರವವಿದೆ.

ಘಾನಾದ ಒಂದು ನಗರಾಡಳಿತದಲ್ಲಿ ಕೆಲವು ವಸೂಲಿಗಾರರಿಗೆ ಮನೆಗಳ ನೆಲೆಯನ್ನು ತೋರಿಸುವ ಟ್ಯಾಬ್ಲೆಟ್‌ಗಳನ್ನು ಕೊಡಲಾಯಿತು. ಅವರು ತಲುಪಿಸಿದ ಬಿಲ್ಲುಗಳು ಶೇ 27ರಷ್ಟು ಹೆಚ್ಚಿದರೆ, ವಸೂಲಾದ ಹಣ ಶೇ 103ರಷ್ಟು ಹೆಚ್ಚಿತು. ಉಳಿತಾಯವಾದ ಸಮಯದಲ್ಲಿ, ಯಾವ ಮನೆಯವರು ಕಟ್ಟುವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಅವರು ಬೇಗ ಕಲಿತುಕೊಂಡರು. ನಿಮ್ಮ ತಲೆಯಲ್ಲಿರುವ ಇಂಥ ಜ್ಞಾನಕ್ಕೆ ಎಷ್ಟು ಬೆಲೆಯಿದೆ ಎಂಬುದು ಕನಂಗಾದಲ್ಲಿಯೂ ಸಾಬೀತಾಯಿತು. ಅಲ್ಲಿ 2018ರಲ್ಲಿ ಕೆಲವು ಬಡಾವಣೆಗಳ ವಸೂಲಿಯನ್ನು ಸರ್ಕಾರಿ ಸಿಬ್ಬಂದಿಗೂ ಕೆಲವನ್ನು ಆಯಾ ಬಡಾವಣೆಯ ಮುಖಂಡರಿಗೂ ವಹಿಸಿದಾಗ, ಮುಖಂಡರು ತಂದ ಆದಾಯ ಶೇ 44ರಷ್ಟು ಹೆಚ್ಚಿತ್ತು, ಮುಖ್ಯವಾಗಿ ಯಾವ ಬಾಗಿಲನ್ನು ತಟ್ಟಬೇಕೆಂಬುದು ಅವರಿಗೆ ತಿಳಿದಿದ್ದರಿಂದ.

ಆಡಳಿತ ದುರ್ಬಲವಾಗಿದ್ದಾಗ ದರ ಏರಿಸುವುದರಿಂದ ಆದಾಯ ಇಳಿಯಬಹುದು ಎಂಬುದನ್ನೂ ನಿಮ್ಮ ಮೇಲಧಿಕಾರಿಗಳಿಗೆ ತಿಳಿಸಿ. ಅದೇ ನಗರದಲ್ಲಿ ಆಸ್ತಿ ಮಾಲೀಕರಿಗೆ ಲಾಟರಿಯಿಂದ ಬೇರೆಬೇರೆ ಪ್ರಮಾಣದ ರಿಯಾಯಿತಿ ಕೊಟ್ಟು ನೋಡಿದಾಗ, ದರವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿದರೆ ಒಟ್ಟು ಆದಾಯ ಗರಿಷ್ಠವಾಗುತ್ತದೆ ಎಂದು ಅಗಸ್ಟಿನ್ ಬರ್ಜೆರಾನ್, ಗೇಬ್ರಿಯಲ್ ಟೂರೆಕ್ ಮತ್ತು ವೈಗೆಲ್ ಕಂಡುಕೊಂಡರು. ವಸೂಲಿಯ ಸಾಮರ್ಥ್ಯ ಬೆಳೆದಂತೆ ಈ ಮಿತಿಯೂ ಮೇಲಕ್ಕೇರುತ್ತದೆ. ಸಾಮರ್ಥ್ಯ ಮೊದಲು, ದರ ಆಮೇಲೆ ಎಂಬ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಪ್ರಶ್ನೆ: ಶ್ರೀಮಂತ ಊರಿಗೆ ತೆರಿಗೆ ಬರುತ್ತದೆ, ಬಡ ಊರಿಗೆ ಎಲ್ಲಿಂದ ಬರಬೇಕು? ಸ್ವಾಯತ್ತತೆ ಎಂದರೆ ಬಡ ಊರುಗಳನ್ನು ಕೈಬಿಡುವುದೇ?

ಉತ್ತರ: ಕೈಬಿಟ್ಟರೆ ಅದು ಘೋರ ಅನ್ಯಾಯ, ಮತ್ತು ಅನುದಾನಗಳು ಏಕೆ ಬೇಕೆಂಬುದಕ್ಕೆ ಇರುವ ಅತ್ಯಂತ ಬಲವಾದ ಕಾರಣ ಇದೇ. ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳಲ್ಲಿ ಸ್ಥಳೀಯ ಸರ್ಕಾರಗಳಿಗೆ ದರದ ಸ್ವಾತಂತ್ರ್ಯವೂ ಇದೆ, ಊರುಗಳ ನಡುವಿನ ತೆರಿಗೆ ಆಧಾರದ ಅಂತರವನ್ನು ತುಂಬುವ ಸಮೀಕರಣ ವ್ಯವಸ್ಥೆಯೂ ಇದೆ. ಒಂದರಿಂದ ಇನ್ನೊಂದು ಕೆಡುವುದಿಲ್ಲ. ಸೂತ್ರವನ್ನು ರಚಿಸುವಾಗ ಮಾತ್ರ ಒಂದು ಎಚ್ಚರಿಕೆ ಬೇಕು. ಊರು ಎಷ್ಟು ವಸೂಲಿ ಮಾಡಿತು ಎಂಬುದನ್ನು ನೋಡಿ ಕೊರತೆ ತುಂಬಿದರೆ ವಸೂಲಿ ಮಾಡದಿರುವುದೇ ಲಾಭದಾಯಕವಾಗುತ್ತದೆ. ಸಾಮಾನ್ಯ ದರದಲ್ಲಿ ಆ ಊರು ಎಷ್ಟು ವಸೂಲಿ ಮಾಡಬಲ್ಲದು ಎಂಬ ಸಾಮರ್ಥ್ಯವನ್ನು ನೋಡಿ ಕೊಟ್ಟರೆ, ಬಡತನಕ್ಕೆ ನೆರವು ಸಿಗುತ್ತದೆ, ಅಲಕ್ಷ್ಯಕ್ಕೆ ಸಿಗುವುದಿಲ್ಲ.

ಇದರ ಜೊತೆಗೇ ಬರುವುದು ಸಾಲದ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು, ಹಾಸಿಗೆಯನ್ನು ಬೇರೆಯವರು ಉದ್ದ ಮಾಡಿಕೊಡುತ್ತಾರೆಂಬ ನಂಬಿಕೆ ಇದ್ದವರಿಗೆ ಅನ್ವಯವಾಗುವುದಿಲ್ಲ. ಹಂಗೇರಿಯ ಯಾನೊಶ್ ಕೊರ್ನೈ ಇದನ್ನು ಸಮಾಜವಾದಿ ಆರ್ಥಿಕತೆಯ ಉದ್ದಿಮೆಗಳಲ್ಲಿ ಗುರುತಿಸಿ ಮೃದು ಬಜೆಟ್ ಮಿತಿ ಎಂದು ಕರೆದರು; ಮುಂದೆ ಅದು ಕೆಳಹಂತದ ಸರ್ಕಾರಗಳಿಗೂ ಹೊಂದುತ್ತದೆಂದು ಕಂಡುಬಂತು. ಅಮೆರಿಕದಲ್ಲಿ 1840ರ ದಶಕದ ಆರಂಭದಲ್ಲಿ ಎಂಟು ರಾಜ್ಯಗಳು ಸಾಲ ತೀರಿಸಲಾಗದೆ ನಿಂತಾಗ ಕೇಂದ್ರ ಸರ್ಕಾರ ಅವುಗಳ ಸಾಲವನ್ನು ವಹಿಸಿಕೊಳ್ಳಲಿಲ್ಲ. ಆ ಬಳಿಕ ಅನೇಕ ರಾಜ್ಯಗಳು ತಮ್ಮ ಸಂವಿಧಾನಗಳಲ್ಲಿಯೇ ಸಾಲಕ್ಕೆ ಮಿತಿ ಹಾಕಿಕೊಂಡವು. ಬ್ರೆಜಿಲ್‌ನಲ್ಲಿ ಕೇಂದ್ರವು 1989, 1993 ಮತ್ತು 1997ರಲ್ಲಿ ರಾಜ್ಯಗಳ ಸಾಲವನ್ನು ಮತ್ತೆ ಮತ್ತೆ ವಹಿಸಿಕೊಳ್ಳಬೇಕಾಯಿತು. ಸ್ವಂತ ತೆರಿಗೆ ಏರಿಸುವ ಅಧಿಕಾರವೇ ಇಲ್ಲದ ಸರ್ಕಾರ ಕಷ್ಟದಲ್ಲಿ ಬಿದ್ದಾಗ, ನೀನೇ ನಿಭಾಯಿಸಿಕೋ ಎಂದು ಹೇಳುವ ನೈತಿಕ ಹಕ್ಕು ಕೇಂದ್ರಕ್ಕೂ ಇರುವುದಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆ ಮುಂದಿನ ವರ್ಷ ಆಸ್ತಿ ತೆರಿಗೆಯನ್ನು ಪರಿಷ್ಕರಿಸಬೇಕೆಂದಿದೆ. ಮೊದಲು ಯಾವುದಕ್ಕೆ ಕೈಹಾಕುವುದು ಒಳ್ಳೆಯದು?

ಉತ್ತರ: ದರವನ್ನು ಸದ್ಯಕ್ಕೆ ಮುಟ್ಟಬೇಡಿ, ಪಟ್ಟಿಯನ್ನು ಸರಿಪಡಿಸಿ, ಬಿಟ್ಟುಹೋದ ಆಸ್ತಿಗಳನ್ನು ಸೇರಿಸಿ. ಆಮೇಲೆ ನೋಟಿಸನ್ನು ಓದಿದವರಿಗೆ ಅರ್ಥವಾಗುವಂತೆ ಬರೆಸಿ. ಅರ್ಜೆಂಟೀನಾದ ಹುನಿನ್ ಎಂಬಲ್ಲಿ ತೆರಿಗೆ ಬಿಲ್ಲಿನ ಮೇಲೆ ಬೇರೆಬೇರೆ ಸಂದೇಶಗಳನ್ನು ಮುದ್ರಿಸಿ ನೋಡಿದಾಗ, ಕಟ್ಟದಿದ್ದರೆ ಆಗುವ ದಂಡ ಮತ್ತು ಕಾನೂನು ಕ್ರಮವನ್ನು ಸ್ಪಷ್ಟವಾಗಿ ತಿಳಿಸಿದ ಸಂದೇಶ ಪಾವತಿಯನ್ನು ನೂರಕ್ಕೆ ಸುಮಾರು ಐದು ಮಂದಿಯಷ್ಟು ಹೆಚ್ಚಿಸಿತು. ನ್ಯಾಯ, ಸಮಾನತೆಯ ಮಾತುಗಳಿಂದ ಒಟ್ಟಾರೆ ಬದಲಾವಣೆ ಆಗಲಿಲ್ಲ. ಆದರೆ ಅದೇ ದೇಶದ ಸಾಂಟಾ ಫೆ ನಗರ ಬೇರೆ ದಾರಿಯನ್ನೂ ಹಿಡಿದಿತ್ತು. ಬಾಕಿ ಉಳಿಸಿಕೊಳ್ಳದ ತೆರಿಗೆದಾರರಲ್ಲಿ ಲಾಟರಿಯಿಂದ ಸುಮಾರು 400 ಮಂದಿಯನ್ನು ಆರಿಸಿ, ಸಾರ್ವಜನಿಕವಾಗಿ ಗೌರವಿಸಿ, ಅವರ ಮನೆಯ ಮುಂದೆ ಪಾದಚಾರಿ ಮಾರ್ಗ ಕಟ್ಟಿಸಿಕೊಡಲಾಯಿತು. ಹಾಗೆ ಆಯ್ಕೆಯಾದವರು ಮುಂದೆಯೂ ತೆರಿಗೆಯನ್ನು ತಪ್ಪದೆ ಕಟ್ಟುತ್ತ ಬಂದರು, ಮತ್ತು ಆ ಪರಿಣಾಮ ಬೇಗ ಮಾಸಲಿಲ್ಲ. ಮಾಲೀಕರು ಪ್ರತಿದಿನ ಹೊರಗೆ ಕಾಲಿಟ್ಟಾಗ ತುಳಿಯುವುದು ಅದೇ ಕಲ್ಲುಹಾಸನ್ನು.